ತಂತ್ರಾಂಶದ ನವೀಕರಣ: ಹಣ ಮಂಜೂರು ಮಾಡುವ ಮುನ್ನ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ರಸ್ತೆ, ಚರಂಡಿ, ನೀರಿನ ತೊಟ್ಟಿಗಳ ನಕ್ಷೆ ಸಿದ್ಧಪಡಿಸುವ ಆಟೋಕ್ಯಾಡ್ ತಂತ್ರಾಂಶದ ಹೊಸ ಆವೃತ್ತಿಗೆ ಹಣ ಕೋರುವ ಪ್ರಸ್ತಾವನೆಯು ನಿಮ್ಮ ಸಭೆಯ ಮುಂದೆ ಬರಬಹುದು. ತಾಂತ್ರಿಕ ವಿಷಯವೆಂದು ಮೌನವಾಗಿ ಒಪ್ಪುವುದೂ ಸಲ್ಲದು, ದುಬಾರಿಯೆಂದು ತಳ್ಳಿಹಾಕುವುದೂ ಸಲ್ಲದು. ಮೂರು ಪ್ರಶ್ನೆಗಳನ್ನು ಕೇಳಿರಿ.

ಮೊದಲನೆಯದು, ಒಟ್ಟು ವೆಚ್ಚವೆಷ್ಟು? ಇದರ ಶಾಶ್ವತ ಪರವಾನಗಿಗಳ ಹೊಸ ಮಾರಾಟವು 2016ರಲ್ಲಿಯೇ ನಿಂತಿತು. ಈಗ ದೊರೆಯುವುದು ಚಂದಾ ಮಾತ್ರ. ಇದು ಒಮ್ಮೆ ಕೊಳ್ಳುವ ವಸ್ತುವಲ್ಲ, ಅವಧಿ ಮುಗಿದಾಗಲೆಲ್ಲ ತೆರಬೇಕಾದ ಬಾಡಿಗೆ. ಆದುದರಿಂದ ಐದು ವರ್ಷಗಳ ಲೆಕ್ಕವನ್ನು ಕೇಳಿರಿ.

ಎರಡನೆಯದು, ಹಳೆಯ ಆವೃತ್ತಿಯಿಂದ ನಿಂತ ಕೆಲಸ ಯಾವುದು? ಹೊರಗಿನಿಂದ ಬಂದ ಕಡತವು ತೆರೆಯದಿರುವುದಷ್ಟೇ ತೊಂದರೆಯಾದರೆ, ಹಳೆಯ ಆವೃತ್ತಿಯ ರೂಪದಲ್ಲಿ ಉಳಿಸಿ ಕಳುಹಿಸಲು ತಿಳಿಸಿದರೆ ಸಾಕು. ಆ ಸೌಲಭ್ಯವು ಹೊಸ ಆವೃತ್ತಿಯಲ್ಲಿಯೇ ಇದೆ. ಆದರೆ ಹಳೆಯ ತಂತ್ರಾಂಶವು ಹೊಸ ಗಣಕಯಂತ್ರದಲ್ಲಿ ನಡೆಯದಿದ್ದರೆ, ಅದು ನ್ಯಾಯವಾದ ಕಾರಣ.

ಮೂರನೆಯದು, ಉಚಿತ ತಂತ್ರಾಂಶವು ಸಾಲದೇ? ಕೊಳವೆ ಜಾಲದ ಒತ್ತಡವನ್ನು ಲೆಕ್ಕ ಹಾಕಲು ಈಪಾನೆಟ್, ಭೂನಕ್ಷೆಗಳಿಗೆ ಕ್ಯೂಜಿಐಎಸ್ ಉಚಿತವಾಗಿವೆ. ಸಿಬ್ಬಂದಿಯ ತರಬೇತಿಗೆ ಬೇಕಾದ ದಿನಗಳನ್ನೂ ವೆಚ್ಚವೆಂದೇ ಎಣಿಸಿರಿ.

ನಕಲಿ ಪ್ರತಿಯನ್ನು ಬಳಸುವುದು ಉಳಿತಾಯವಲ್ಲ. ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದಡಿ ಅಪರಾಧ.

ನಾವು ವ್ಯಯಿಸುವುದು ಗ್ರಾಮಸ್ಥರು ತೆತ್ತ ಕಂದಾಯ. ಒಪ್ಪಿದರೂ ನಿರಾಕರಿಸಿದರೂ ಕಾರಣವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಸಹಿ ಮಾಡಿರಿ.