ಹೊಳೆ ಕೊರೆದ ಗದ್ದೆಯ ಗಡಿ
(ಹಿರಿಯಡ್ಕದ ರೈತರಿಗಾಗಿ ನೀಡಿದ ಉಪನ್ಯಾಸ)



ಹಿರಿಯಡ್ಕದ ಬದಿಯಲ್ಲಿ ಹರಿಯುವ ಸ್ವರ್ಣಾ ನದಿಗೆ ಬಜೆಯಲ್ಲಿ ಉಡುಪಿಯ ಕುಡಿಯುವ ನೀರಿಗಾಗಿ ಅಣೆಕಟ್ಟು ಇದೆ. ಮಳೆಗಾಲದಲ್ಲಿ ಹೊಳೆಯು ದಡವನ್ನು ಕೊರೆಯುತ್ತದೆ. ಬೇಸಗೆಯಲ್ಲಿ ತಡೆದ ನೀರು ಹಿಂದಕ್ಕೆ ನಿಲ್ಲುತ್ತದೆ. ಹೀಗೆ ಬೈಲುಗದ್ದೆಯ ಅಂಚು ನೀರಿನಡಿಗೆ ಸೇರಿದರೆ, ಆ ನೆಲವು ವರ್ಗದಾರನದೋ, ಸರಕಾರದ್ದೋ ಎಂಬ ಪ್ರಶ್ನೆ ಏಳುತ್ತದೆ.

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮಿನಂತೆ ಹೊಳೆ, ತೋಡು, ಕೆರೆಗಳ ಪಾತ್ರವು ಸರಕಾರದ್ದು. ಅದರಲ್ಲಿ ಖಾಸಗಿ ಹಕ್ಕು ಇದೆಯೆನ್ನುವವನು ಅದನ್ನು ರುಜುಪಡಿಸಬೇಕು. ಆದರೆ ಪಟ್ಟಾ ಗದ್ದೆಯಲ್ಲಿ ಕೆಲಕಾಲ ನೀರು ನಿಂತ ಮಾತ್ರಕ್ಕೆ ಅದು ಪರಂಬೋಕು ಆಗುವುದಿಲ್ಲ.

ಸಾಮಾನ್ಯ ನ್ಯಾಯತತ್ತ್ವದಲ್ಲಿ ಎರಡು ಬಗೆಗಳಿವೆ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ದಡ ಸರಿದರೆ ಗಡಿಯೂ ಸರಿಯುತ್ತದೆ. ಒಂದೇ ನೆರೆಗೆ ಹೊಳೆಯು ದಾರಿ ಬದಲಿಸಿದರೆ ಗಡಿ ಹಿಂದಿನಂತೆಯೇ ಉಳಿಯುತ್ತದೆ. ಗಂಗಾತೀರದ ಒಂದು ಮೊಕದ್ದಮೆಯಲ್ಲಿ 1870ರಲ್ಲಿ ಪ್ರಿವಿ ಕೌನ್ಸಿಲ್, ಕೊಚ್ಚಿಹೋಗಿ ಅದೇ ಸ್ಥಳದಲ್ಲಿ ಮತ್ತೆ ಮೂಡಿದ ನೆಲವನ್ನು ಗುರುತಿಸಬಹುದಾದರೆ ಅದು ಮೊದಲಿನ ಒಡೆಯನದೇ ಎಂದು ತೀರ್ಪಿತ್ತಿತು. ಅಂದರೆ ಹಕ್ಕು ನಿಂತಿರುವುದು ಗುರುತಿನ ಮೇಲೆ. ಗುರುತು ಹೋದರೆ ವಾದವೂ ಸೊರಗುತ್ತದೆ.

ಸರಕಾರದ ಕಟ್ಟಡದಿಂದ ಪಟ್ಟಾ ನೆಲ ಶಾಶ್ವತವಾಗಿ ಮುಳುಗುವುದಾದರೆ ವಿಷಯ ಬೇರೆ. ಕಾನೂನಿನ ಬಲವಿಲ್ಲದೆ ಯಾರ ಸ್ವತ್ತನ್ನೂ ಕಸಿಯಬಾರದೆಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. ಅಂಥ ನೆಲಕ್ಕೆ ಸ್ವಾಧೀನ ಮತ್ತು ಪರಿಹಾರದ ಕ್ರಮವು 2013ರ ಭೂಸ್ವಾಧೀನ ಕಾಯಿದೆಯಲ್ಲಿದೆ. ಇದು 2014ರ ಜನವರಿ 1ರಿಂದ ಜಾರಿಯಲ್ಲಿದೆ.

ಆದುದರಿಂದ ಹೊಳೆಬದಿಯ ರೈತರು ಗಮನಿಸಬೇಕಾದ ಅಂಶಗಳು:

1. ಏಣೆಲು ಬೇಸಾಯಕ್ಕೆ ಮೊದಲೇ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಬೇಕು. ಹೊಳೆಯ ಅಂಚಿನ ಕಲ್ಲೊಂದನ್ನೇ ನಂಬದೆ, ನೆರೆ ಮುಟ್ಟದ ಎತ್ತರದ ಕಲ್ಲುಗಳಿಂದಲೂ ದೂರ ಬರೆಸಿಡಬೇಕು.

2. ಪಹಣಿ, ಸರ್ವೆ ನಕ್ಷೆ, ತೀರ್ವೆ ರಶೀದಿಗಳನ್ನು ಒಟ್ಟಿಗೆ ಕಾಪಾಡಬೇಕು.

3. ದಡ ಕುಸಿದೊಡನೆ ತಹಶೀಲ್ದಾರರಿಗೆ ಲಿಖಿತವಾಗಿ ತಿಳಿಸಿ, ಮಹಜರು ನಡೆಸಲು ಕೇಳಬೇಕು. ಕುಸಿದ ದಿನಾಂಕವೇ ಮುಂದೆ ಮುಖ್ಯ ಸಾಕ್ಷಿ.

4. ಸರಕಾರದೊಡನೆ ತಕರಾರು ಬಂದರೆ 67ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ವಿಚಾರಣೆ ಕೋರಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಸಿವಿಲ್ ದಾವೆಗೆ ಒಂದು ವರ್ಷದ ಅವಧಿಯಿದೆ, ಅದನ್ನು ಮೀರಬಾರದು.

5. ದಡದಲ್ಲಿ ಲಾವಂಚ, ಬಿದಿರು ನೆಟ್ಟರೆ ಬೇರುಗಳು ಮಣ್ಣನ್ನು ಹಿಡಿಯುತ್ತವೆ. ಹೊಳೆಯೊಳಕ್ಕೆ ಮಣ್ಣು ತುಂಬಿ ಗದ್ದೆ ಹಿಗ್ಗಿಸುವುದು ಒತ್ತುವರಿಯಾಗುತ್ತದೆ; ಸರಿಯಾದ ಹಕ್ಕಿಗೂ ಅದರಿಂದ ಧಕ್ಕೆ.

ನೆರೆ ಇಳಿದ ಮೇಲೆ ಕಲ್ಲು ಹುಡುಕುವುದಕ್ಕಿಂತ, ಮಳೆ ಹಿಡಿಯುವ ಮೊದಲೇ ಅಳತೆ ಮಾಡಿಸುವುದು ಕಡಿಮೆ ಖರ್ಚಿನ ಕೆಲಸ.