ಹಾಲು ಹೋದ ದಾರಿ, ಲೆಕ್ಕ ಹೋದ ದಾರಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ನೀವು ಕಂಪ್ಯೂಟರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೆ ಅದರ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಮೊಬೈಲು, ಕಂಪ್ಯೂಟರುಗಳ ಬಗ್ಗೆ ಈ ಮಕ್ಕಳಿಗೆ ನಾನು ಹೇಳಿಕೊಡುವುದು ಏನೂ ಉಳಿದಿಲ್ಲ. ಆದ್ದರಿಂದ ಕಂಪ್ಯೂಟರ್ ಮುಟ್ಟುವ ಮೊದಲು ನಾವು ಕಾಗದದ ಮೇಲೆ ಬಿಡಿಸುವ ಒಂದು ಚಿತ್ರದ ಬಗ್ಗೆ ಮಾತನಾಡುತ್ತೇನೆ. ಅದಕ್ಕೆ ಡೇಟಾ ಫ್ಲೋ ಡಯಾಗ್ರಾಂ ಎನ್ನುತ್ತಾರೆ. ಕನ್ನಡದಲ್ಲಿ ಮಾಹಿತಿ ಹರಿಯುವ ನಕ್ಷೆ ಎನ್ನಬಹುದು. ಮೂವತ್ತು ವರ್ಷ ಅನ್ನ ಕೊಟ್ಟ ಚಿತ್ರ ಅದು. ಆದರೆ ಅದರ ಮೊದಲ ಪಾಠ ನನಗೆ ಆಗಿದ್ದು ಕಾಲೇಜಿನಲ್ಲಲ್ಲ, ಈ ಶಾಲೆಗೆ ನಡೆದು ಬರುತ್ತಿದ್ದ ದಿನಗಳಲ್ಲಿ.

ನಮ್ಮದು ಪಕ್ಕದ ಹಳ್ಳಿ. ಹೆಸರು ಬೇಡ. ಮನೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಸಂಜೆ ಅಮ್ಮ ಕ್ಯಾನು ಹಿಡಿದು ಡೈರಿಗೆ ಹೋಗುತ್ತಿದ್ದರು. ಅಳತೆಯಾಗುತ್ತಿತ್ತು, ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಅಮ್ಮ ಖಾಲಿ ಕ್ಯಾನಿನೊಂದಿಗೆ ವಾಪಸ್ಸು. ಕೈಗೆ ಒಂದು ಚೀಟಿಯೂ ಬರುತ್ತಿರಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಬಟವಾಡೆಯಲ್ಲಿ ಹಣ ಕಡಿಮೆ ಬಂತು. ಹೋಗಿ ಕೇಳಿದರೆ ಬುಕ್ಕು ತೆರೆದು ತೋರಿಸಿದರು. ನಾಲ್ಕು ಸಂಜೆಗಳ ಹಾಲೇ ಅದರಲ್ಲಿರಲಿಲ್ಲ. ಯಾರೋ ಬೇಕೆಂದು ಬಿಟ್ಟರೋ, ಗಡಿಬಿಡಿಯಲ್ಲಿ ಬಿಟ್ಟು ಹೋಯಿತೋ, ಇಂದಿಗೂ ನನಗೆ ತಿಳಿಯದು. ದಾರಿಯುದ್ದಕ್ಕೂ ಅಮ್ಮ ಒಂದೇ ಮಾತು ಕೇಳುತ್ತಿದ್ದರು: "ಅವರ ಬುಕ್ಕಲ್ಲಿ ಇಲ್ಲಾಂದ್ರೆ ನಾನು ಹಾಲೇ ಹಾಕಿಲ್ಲಾಂತನೇನಪ್ಪಾ?"

ಆ ಪ್ರಶ್ನೆಗೆ ಉತ್ತರ ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು.

1970ರ ದಶಕದ ಕೊನೆಯಲ್ಲಿ ಟಾಮ್ ಡಿಮಾರ್ಕೊ, ಎಡ್ವರ್ಡ್ ಯೋರ್ಡನ್, ಕ್ರಿಸ್ ಗೇನ್, ಟ್ರಿಷ್ ಸಾರ್ಸನ್ ಮೊದಲಾದವರು ಈ ಚಿತ್ರದ ಪದ್ಧತಿಯನ್ನು ಪುಸ್ತಕಗಳ ಮೂಲಕ ಎಲ್ಲೆಡೆ ಹರಡಿದರು. ಇದರಲ್ಲಿ ಇರುವುದು ನಾಲ್ಕೇ ಗುರುತು. ಚೌಕ ಎಂದರೆ ನಮ್ಮ ವ್ಯವಸ್ಥೆಯ ಹೊರಗಿದ್ದು ಅದಕ್ಕೆ ಮಾಹಿತಿ ಕೊಡುವವರು ಅಥವಾ ಅದರಿಂದ ಪಡೆಯುವವರು. ವೃತ್ತ ಎಂದರೆ ಒಂದು ಕೆಲಸ. ಎರಡು ಸಮಾನಾಂತರ ಗೆರೆಗಳು ಎಂದರೆ ಮಾಹಿತಿ ಇಟ್ಟಿರುವ ಜಾಗ, ಅದು ಬುಕ್ಕಾದರೂ ಸರಿ, ಕಂಪ್ಯೂಟರಾದರೂ ಸರಿ. ಬಾಣ ಎಂದರೆ ಹರಿಯುವ ಮಾಹಿತಿ. ಗೇನ್ ಮತ್ತು ಸಾರ್ಸನ್ ಪದ್ಧತಿಯಲ್ಲಿ ವೃತ್ತದ ಬದಲು ಮೂಲೆ ದುಂಡಗಿರುವ ಆಯತ ಬರುತ್ತದೆ, ಅರ್ಥ ಒಂದೇ.

ಈಗ ಡೈರಿಯ ಚಿತ್ರ ಬಿಡಿಸೋಣ. ಮೊದಲು ಇಡೀ ಸಂಘಕ್ಕೆ ಒಂದೇ ವೃತ್ತ. ಸುತ್ತ ಚೌಕಗಳು: ಹಾಲು ಹಾಕುವವರು, ಜಿಲ್ಲಾ ಹಾಲು ಒಕ್ಕೂಟ, ಬ್ಯಾಂಕು. ಯಾರಿಂದ ಏನು ಒಳಗೆ ಬರುತ್ತದೆ, ಯಾರಿಗೆ ಏನು ಹೋಗುತ್ತದೆ ಎಂದು ಬಾಣ ಹಾಕಬೇಕು. ಒಂದು ಎಚ್ಚರಿಕೆ: ಈ ಚಿತ್ರದಲ್ಲಿ ಹಾಲು ಹರಿಯುವುದಿಲ್ಲ. ಹಾಲಿನ ತೂಕ, ಫ್ಯಾಟು, ಎಸ್‌ಎನ್‌ಎಫ್, ದರ, ಬಿಲ್ಲು, ಇವು ಹರಿಯುತ್ತವೆ. ಹಾಲು ಲಾರಿಯಲ್ಲಿ ಕೋಲಾರದ ಕಡೆ ಹೋಗುತ್ತದೆ. ಅದರ ಲೆಕ್ಕ ಹೋಗುವ ದಾರಿ ಬೇರೆ.

ಆಮೇಲೆ ಆ ಒಂದು ವೃತ್ತವನ್ನು ಬಿಚ್ಚಬೇಕು. ಒಂದನೇ ಕೆಲಸ, ಹಾಲು ಅಳೆದು ಪರೀಕ್ಷಿಸುವುದು. ಎರಡನೆಯದು, ಬಿಲ್ಲು ಲೆಕ್ಕ ಹಾಕುವುದು. ಮೂರನೆಯದು, ಒಕ್ಕೂಟಕ್ಕೆ ವರದಿ ಕಳಿಸುವುದು. ಸಮಾನಾಂತರ ಗೆರೆಗಳಲ್ಲಿ ಖರೀದಿ ಪುಸ್ತಕ, ದರಪಟ್ಟಿ, ಸದಸ್ಯರ ಪಟ್ಟಿ, ಪಶು ಆಹಾರದ ಸಾಲದ ಪುಸ್ತಕ. ಒಂದನೇ ಕೆಲಸ ಖರೀದಿ ಪುಸ್ತಕಕ್ಕೆ ಬರೆಯುತ್ತದೆ. ಎರಡನೇ ಕೆಲಸ ಆ ಪುಸ್ತಕ, ದರಪಟ್ಟಿ, ಫೀಡಿನ ಬಾಕಿ ಮೂರನ್ನೂ ನೋಡಿ ಬಿಲ್ಲು ಮಾಡುತ್ತದೆ. ದೊಡ್ಡ ವೃತ್ತಕ್ಕೆ ಇದ್ದ ಬಾಣಗಳೆಲ್ಲ ಬಿಚ್ಚಿದ ಚಿತ್ರದಲ್ಲೂ ಇರಬೇಕು. ಒಂದು ಕಳೆದು ಹೋದರೂ ಎಲ್ಲೋ ತಪ್ಪಿದ್ದೇವೆ ಎಂದರ್ಥ.

ಚಿತ್ರಕ್ಕೆ ಕೆಲವು ಕಟ್ಟುಪಾಡುಗಳಿವೆ. ಒಳಗೆ ಬಾಣ ಬಂದು ಹೊರಗೆ ಒಂದೂ ಹೋಗದ ವೃತ್ತ ಇರಬಾರದು. ಅದಕ್ಕೆ ನಾವು ಕಪ್ಪುಕುಳಿ ಎನ್ನುತ್ತೇವೆ. ಒಳಗೆ ಏನೂ ಬಾರದೆ ಹೊರಗೆ ಮಾತ್ರ ಬಾಣ ಹೊರಟರೆ ಅದು ಪವಾಡ. ಪವಾಡದ ಲೆಕ್ಕವನ್ನು ಆಡಿಟರ್ ಒಪ್ಪುವುದಿಲ್ಲ. ಹೊರಗಿನವರು ನೇರವಾಗಿ ಪುಸ್ತಕಕ್ಕೆ ಬರೆಯುವಂತಿಲ್ಲ, ನಡುವೆ ಒಂದು ಕೆಲಸ ಇರಲೇಬೇಕು. ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಲೆಕ್ಕ ತಾನಾಗಿ ನಡೆದು ಹೋಗುವುದಿಲ್ಲ, ಯಾರಾದರೂ ಎತ್ತಿ ಬರೆಯಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಈ ಚಿತ್ರ ಹೇಳುವುದಿಲ್ಲ. ಅದಕ್ಕೆ ಫ್ಲೋಚಾರ್ಟ್ ಎಂಬ ಬೇರೆ ಚಿತ್ರವಿದೆ. ಇದು ಕೇಳುವುದು ಒಂದೇ: ಮಾಹಿತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಇದನ್ನು ಕಲಿತ ರಾತ್ರಿ ಡೈರಿಯನ್ನೇ ಬಿಡಿಸಿ ನೋಡಿದೆ. ಅಮ್ಮನ ಚೌಕದಿಂದ ಒಂದನೇ ವೃತ್ತಕ್ಕೆ ಬಾಣವಿತ್ತು. ಆ ವೃತ್ತದಿಂದ ಪುಸ್ತಕಕ್ಕೆ ಬಾಣವಿತ್ತು. ವೃತ್ತದಿಂದ ಅಮ್ಮನ ಕಡೆಗೆ ವಾಪಸ್ಸು ಬರುವ ಬಾಣ ಇರಲಿಲ್ಲ. ಕಟ್ಟುಪಾಡಿನ ಪ್ರಕಾರ ಆ ಚಿತ್ರದಲ್ಲಿ ತಪ್ಪೇನೂ ಇಲ್ಲ. ಅನ್ಯಾಯ ಮಾತ್ರ ಇತ್ತು. ಅಂದಂದಿನ ಲೆಕ್ಕ ಅಮ್ಮನ ಕೈಗೆ ಬಂದಿದ್ದರೆ ಮೊದಲ ಸಂಜೆಯೇ ಕೇಳುತ್ತಿದ್ದರು, ಹದಿನೈದು ದಿನ ಕಾಯಬೇಕಿರಲಿಲ್ಲ. ಈಗ ತೂಕ, ಫ್ಯಾಟು ಅಳೆದು ಆಗಲೇ ಚೀಟಿ ಅಚ್ಚು ಹಾಕಿ ಕೊಡುವ ಯಂತ್ರಗಳು ಬಂದಿವೆ. ಕೆಲವು ಕಡೆ ಮೊಬೈಲಿಗೆ ಮೆಸೇಜು ಬರುತ್ತದೆ. ಯಂತ್ರ ದೊಡ್ಡದಿರಬಹುದು, ಚಿತ್ರದಲ್ಲಿ ಅದು ಹೆಚ್ಚಿಸಿದ್ದು ಒಂದೇ ಬಾಣ. ಆ ಚೀಟಿಯನ್ನು ಡೈರಿಯ ಬಾಗಿಲಲ್ಲೇ ಎಸೆದು ಬರುವವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಇಷ್ಟು ಹೇಳಿ ನಾನು ದೊಡ್ಡವನಾಗಬಾರದು. ನನ್ನ ತಪ್ಪನ್ನೂ ಹೇಳಬೇಕು.

ಒಂದು ಸಗಟು ವ್ಯಾಪಾರದ ಸಂಸ್ಥೆಗೆ ದಾಸ್ತಾನು ಲೆಕ್ಕದ ವ್ಯವಸ್ಥೆ ಮಾಡಿಕೊಡುವ ಕೆಲಸ ನನಗೆ ಬಂತು. ಮ್ಯಾನೇಜರ ಜೊತೆ ಎ.ಸಿ. ಕೋಣೆಯಲ್ಲಿ ಮೂರು ದಿನ ಕೂತು ಅಂದವಾದ ಚಿತ್ರ ಬಿಡಿಸಿದೆ. ಎಲ್ಲರೂ ಭೇಷ್ ಎಂದರು. ವ್ಯವಸ್ಥೆ ಶುರುವಾದ ಎರಡನೇ ತಿಂಗಳಿಗೆ ಗೋಡೌನಿನ ಮಾಲಿಗೂ ಕಂಪ್ಯೂಟರಿನ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಗೋಡೌನಿನಲ್ಲಿ ಒಬ್ಬರು ವಯಸ್ಸಾದ ರೈಟರ್ ಇದ್ದರು. ಅನುಮಾನ ಅವರ ಮೇಲೆ ಹೋಯಿತು. ಕೆಲಸದಿಂದ ತೆಗೆಯುವ ಮಾತೂ ಬಂತು.

ಆಗ ನಾನು ಮೊದಲ ಸಲ ಗೋಡೌನಿಗೆ ಹೋದೆ. ಅವರ ಪಕ್ಕದ ಮೂಟೆಯ ಮೇಲೆ ಕೂತು, "ಯಜಮಾನರೇ, ಬೆಳಿಗ್ಗೆಯಿಂದ ಏನೇನು ಮಾಡ್ತೀರಿ, ಹೇಳಿ" ಎಂದೆ. ಅವರು ಜೇಬಿನಿಂದ ಎಣ್ಣೆ ಹಿಡಿದ ಸಣ್ಣ ಡೈರಿ ತೆಗೆದರು. ಅಂಗಡಿಯವರು ವಾಪಸ್ಸು ಕಳಿಸಿದ ಒಡೆದ ಡಬ್ಬ, ಹರಿದ ಚೀಲ, ಬದಲಿಗೆ ಕೊಟ್ಟ ಮಾಲು, ಎಲ್ಲವೂ ತಾರೀಖಿನ ಸಮೇತ ಅದರಲ್ಲಿತ್ತು. ಹಿಂದೆ ತಿಂಗಳ ಕೊನೆಯಲ್ಲಿ ಅವರು ಓದುತ್ತಿದ್ದರು, ಗುಮಾಸ್ತರು ದೊಡ್ಡ ಲೆಡ್ಜರಿಗೆ ಏರಿಸುತ್ತಿದ್ದರು. ನಾನು ಲೆಡ್ಜರನ್ನು ತೆಗೆಸಿದ್ದೆ. ಆ ಜೇಬಿನ ಡೈರಿ ನನ್ನ ಚಿತ್ರದಲ್ಲಿ ಇರಲೇ ಇಲ್ಲ. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಸಾರ್" ಎಂದರು ಅವರು. ಅಮ್ಮನಿಗೆ ಆದದ್ದನ್ನೇ ನಾನು ಇನ್ನೊಬ್ಬರಿಗೆ ಮಾಡಿದ್ದೆ. ನನ್ನ ಬುಕ್ಕಿನಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದುಕೊಂಡಿದ್ದೆ. ತಪ್ಪು ನನ್ನದೆಂದು ಬರೆದುಕೊಟ್ಟೆ. ಅವರ ಕೆಲಸ ಉಳಿಯಿತು. ಆಮೇಲೆ ಕೊನೆಯಲ್ಲಿ ಕೂತು ಬರೆಯುವವರನ್ನು ಕೇಳದೆ ನಾನು ಯಾವ ಚಿತ್ರವನ್ನೂ ಮುಗಿಸಿಲ್ಲ.

ಇದೇ ಕಣ್ಣಿನಿಂದ ಪಹಣಿಯನ್ನು ನೋಡಿ. ಹಿಂದೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ರೈತ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಶುರುವಿಗೆ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗೆ ಸರದಿಯ ಸಂಖ್ಯೆ ಬಂತು. ಇದು ಬರೀ ಕಂಪ್ಯೂಟರ್ ತಂದ ಕೆಲಸವಲ್ಲ. ಪುಸ್ತಕ ಎಲ್ಲಿರಬೇಕು, ಬಾಣ ಯಾರ ಕಡೆ ಹೋಗಬೇಕು ಎಂಬುದನ್ನೇ ಬದಲಾಯಿಸಿದ್ದು. ಆದರೂ ಒಂದು ಮಾತು. ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಾಗಿದ್ದರೆ ಕಂಪ್ಯೂಟರ್ ಅದೇ ತಪ್ಪನ್ನು ಅಚ್ಚುಕಟ್ಟಾಗಿ ಅಚ್ಚು ಹಾಕಿ ಕೊಡುತ್ತದೆ. ಆದ್ದರಿಂದ ತಿದ್ದುಪಡಿಯ ಬಾಣವೂ ಚಿತ್ರದಲ್ಲಿರಬೇಕು.

ಮಕ್ಕಳೇ, ನಿಮಗೊಂದು ಕೆಲಸ. ಮುಂದಿನ ಸಲ ಅಪ್ಪನ ಜೊತೆ ಕೋಲಾರದ ಟೊಮೆಟೊ ಮಾರ್ಕೆಟ್ಟಿಗೆ ಹೋದಾಗ ಒಂದು ಬಿಳಿ ಹಾಳೆ ಇಟ್ಟುಕೊಳ್ಳಿ. 15 ಕೆಜಿ ಬಾಕ್ಸು ಹೋಗುವ ದಾರಿಯನ್ನು ಬಿಟ್ಟು ಅದರ ಲೆಕ್ಕ ಹೋಗುವ ದಾರಿಯನ್ನು ನೋಡಿ. ಹರಾಜಿನಲ್ಲಿ ಕೂಗಿದ ದರವನ್ನು ಯಾರು ಎಲ್ಲಿ ಬರೆದುಕೊಂಡರು? ಲಾರಿ ಬಾಡಿಗೆ, ಕಮಿಷನ್ನು ಯಾವ ಕಾಗದದಲ್ಲಿದೆ? ಅಪ್ಪನ ಕೈಗೆ ಬಂದ ಬಿಲ್ಲಿನಲ್ಲಿ ಅದೆಲ್ಲ ಇದೆಯೇ? ನಾಲ್ಕು ಗುರುತು ಸಾಕು. ಬಾಣ ಎಲ್ಲಿ ನಿಂತು ಹೋಗುತ್ತದೋ ಅಲ್ಲಿ ಜಗಳ ಬೇಡ, ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿ.

ಅಮ್ಮ ಈಗಿಲ್ಲ. ಆ ನಾಲ್ಕು ಸಂಜೆಗಳ ಹಣವೂ ಬರಲಿಲ್ಲ. ಆ ಘಟನೆಯ ಮಾರನೇ ದಿನದಿಂದ ಅಮ್ಮ ದಿನದಿನದ ಹಾಲಿನ ಲೆಕ್ಕವನ್ನು ನನ್ನಿಂದ ಬರೆಸುತ್ತಿದ್ದರು, ಈ ಶಾಲೆಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ. ಗಣಿತದ ಮೇಷ್ಟ್ರು ಅದನ್ನು ಒಮ್ಮೆ ನೋಡಿದರು. ಬೈಯುತ್ತಾರೆಂದು ಹೆದರಿದ್ದೆ. ಅವರು ಕೂಡಿಸಿದ್ದು ಸರಿಯಿದೆಯೇ ಎಂದು ನೋಡಿ, ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಕೊಟ್ಟರು. ಆ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ.