ಬೋರ್ಡು ನೋಡಿ ಮಕ್ಕಳನ್ನು ಕಳುಹಿಸಬೇಡಿ
(ಡೊಂಬಿವಲಿಯಲ್ಲಿ ಸೇರಿದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿಯವರೆಗೆ ಓದಿದವನು, ಹೋಟೆಲಿನಲ್ಲಿ ಲೋಟ ತೊಳೆದು ಬೆಳೆದವನು. ಡಾಕ್ಟರಿಕೆಯ ಓದಿನ ಬಗ್ಗೆ ಮಾತಾಡಲು ಇವನಿಗೇನು ಅಧಿಕಾರವೆಂದು ನೀವು ಕೇಳಬಹುದು. ಪೆಟ್ಟು ತಿಂದವನ ಅಧಿಕಾರ, ಅಷ್ಟೇ.

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯಲ್ಲಿಯೂ ನಮ್ಮವರ ಮಕ್ಕಳು ಓದಿನಲ್ಲಿ ಮುಂದೆ ಬರುತ್ತಿದ್ದಾರೆ. ಸಂತೋಷ. ಆದರೆ ಏಜೆಂಟರಿಗೂ ಅದು ಗೊತ್ತಾಗಿದೆ.

ನನ್ನ ಅಕ್ಕನ ಮಗ 2017ರಲ್ಲಿ ಡಾಕ್ಟರಿಕೆ ಓದಲು ಚೀನಕ್ಕೆ ಹೋದ. ಇಲ್ಲಿಯ ಖಾಸಗಿ ಕಾಲೇಜಿನ ಫೀಸು ನಮ್ಮ ಕೈಗೆಟುಕುವುದಲ್ಲ. ಏಜೆಂಟನೊಬ್ಬ ಕಲ್ಯಾಣದ ಖೋಲಿಗೆ ಬಂದು ಬಣ್ಣದ ಚಿತ್ರಗಳನ್ನು ತೋರಿಸಿದ. ಭಾವ ಊರಿನ ಗದ್ದೆ ಮಾರಿದರು. ಸಾಲದ ಕಾಗದಕ್ಕೆ ನಾನೂ ಸಹಿ ಹಾಕಿದೆ. ಆ ಕಾಲೇಜನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಕಂಡವರನ್ನೂ ಕೇಳಲಿಲ್ಲ.

2020ರ ಜನವರಿಯಲ್ಲಿ ಹುಡುಗ ರಜೆಗೆ ಬಂದ. ಕೊರೋನಾ ಹಬ್ಬಿತು. ಮಾರ್ಚಿನಲ್ಲಿ ಚೀನ ಪರದೇಶದವರಿಗೆ ಬಾಗಿಲು ಮುಚ್ಚಿತು. ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ಸಿಗತೊಡಗಿದ್ದು 2022ರ ಆಗಸ್ಟಿನಲ್ಲಿ. ಅಷ್ಟು ಕಾಲ ಅವನು ಖೋಲಿಯ ಮೂಲೆಯಲ್ಲಿ ಮೊಬೈಲು ಹಿಡಿದು ಪಾಠ ಕೇಳಿದ. ಮೊಬೈಲಿನಲ್ಲಿ ರೋಗಿಯ ನಾಡಿ ಸಿಕ್ಕೀತೇ? ಕೊನೆಗೆ ಮರಳಿ ಹೋಗಿ ಪದವಿ ತಂದ. ಇಲ್ಲಿ ವೈದ್ಯನಾಗಲು ಬರೆಯಬೇಕಾದ ಪರೀಕ್ಷೆಗೆ ಈಗ ಎರಡನೆಯ ಸಲ ಓದುತ್ತಿದ್ದಾನೆ. ಅರುವತ್ತು ದಾಟಿದ ಭಾವ ಇನ್ನೂ ರಾತ್ರಿಪಾಳಿ ಮಾಡುತ್ತಿದ್ದಾರೆ.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಬೀಜಿಂಗಿನ ಭಾರತೀಯ ರಾಯಭಾರ ಕಚೇರಿ 2022ರಲ್ಲಿ ಕೊಟ್ಟ ಲೆಕ್ಕ ಕೇಳಿ. 2015ರಿಂದ 2021ರವರೆಗೆ ಚೀನದಲ್ಲಿ ಓದಿ ಇಲ್ಲಿಯ ಪರೀಕ್ಷೆಗೆ ಕೂತವರು 40,417, ತೇರ್ಗಡೆಯಾದವರು 6,387. ನೂರಕ್ಕೆ ಹದಿನಾರು ಮಂದಿ!

ಚೀನದ ಮೇಲೆ ನನಗೆ ಕೋಪವಿಲ್ಲ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಅಲ್ಲಿಯ ಗಾಯಾಳುಗಳ ಸೇವೆಗೆ ಹೋಗಿ 1942ರಲ್ಲಿ ಅಲ್ಲಿಯೇ ಪ್ರಾಣ ಬಿಟ್ಟರು. ಆ ಜನ ಅವರನ್ನು ಇಂದಿಗೂ ಮರೆತಿಲ್ಲ. ತಪ್ಪು ದೇಶದ್ದಲ್ಲ, ವಿಚಾರಿಸದೆ ಹಣ ಕಟ್ಟಿದ ನಮ್ಮದು.

ಹೊಸ ಹೋಟೆಲಿಗೆ ಸೇರುವ ಮುನ್ನ ನಾವು ಏನು ಮಾಡುತ್ತೇವೆ? ಹೊರಗಿನ ಬೋರ್ಡು ನೋಡಿ ಮರುಳಾಗುವುದಿಲ್ಲ. ಹಿಂಬಾಗಿಲಿನಿಂದ ಅಡುಗೆಮನೆಗೆ ಇಣುಕುತ್ತೇವೆ. ಮಲಗುವ ಜಾಗ ನೋಡುತ್ತೇವೆ. ಅಲ್ಲಿಯ ಮಾಣಿಯನ್ನು ಮೆಲ್ಲಗೆ ಕೇಳುತ್ತೇವೆ, "ಪಗಾರ ಸರಿಯಾಗಿ ಕೊಡುತ್ತಾರೋ ಮಾರಾಯಾ?" ಮಗನ ಕಾಲೇಜಿಗೂ ಇದೇ ಬುದ್ಧಿ ಸಾಕು.

ಮೊದಲು, ಮಗ ನೀಟ್ ಪರೀಕ್ಷೆಯಲ್ಲಿ ಅರ್ಹನಾಗಿದ್ದಾನೆಯೇ? 2018ರಿಂದ ಪರದೇಶದಲ್ಲಿ ಓದುವವರಿಗೂ ಅದು ಕಡ್ಡಾಯ. ಎರಡು, ಪರದೇಶದವರಿಗೆ ಇಂಗ್ಲಿಷಿನಲ್ಲಿ ಕಲಿಸಲು ಚೀನ ಸರಕಾರ ಆ ಕಾಲೇಜಿಗೆ ಒಪ್ಪಿಗೆ ಕೊಟ್ಟಿದೆಯೇ? 2022ರಲ್ಲಿ ರಾಯಭಾರ ಕಚೇರಿ ಹೇಳಿದ್ದು 45 ಕಾಲೇಜುಗಳ ಮಾತು. ಮೂರು, 2021ರ ನಿಯಮದಂತೆ 54 ತಿಂಗಳ ಓದು, ಅದೇ ಸಂಸ್ಥೆಯಲ್ಲಿ 12 ತಿಂಗಳ ಆಸ್ಪತ್ರೆ ತರಬೇತಿ ಇದೆಯೇ? ನಾಲ್ಕು, ಮಗ ಚೀನಿ ಭಾಷೆ ಕಲಿಯಲು ತಯಾರಿದ್ದಾನೆಯೇ? ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿ ಮಾತಾಡುವುದು ಚೀನಿಯಲ್ಲೇ. ಕೊನೆಯದಾಗಿ, ಅಲ್ಲಿ ಓದಿ ಇಲ್ಲಿ ತೇರ್ಗಡೆಯಾದ ಒಬ್ಬನನ್ನಾದರೂ ಕಣ್ಣಾರೆ ಕಂಡು ಮಾತಾಡಿದ್ದೀರಾ?

ಅಕ್ಕನ ಮಗ ಭಾನುವಾರ ಸಂಜೆ ಸಂಘದಲ್ಲಿ ಕೂರಲು ಒಪ್ಪಿದ್ದಾನೆ. ಏಜೆಂಟನು ಕೊಟ್ಟ ಕಾಗದ ಅವನಿಗೆ ತೋರಿಸಿ. ನಾಚಿಕೆ ಬೇಡ; ಅವನೂ ನಾಚಿಕೆ ಬಿಟ್ಟೇ ಕೂತಿದ್ದಾನೆ. ಗದ್ದೆ ಮಾರುವ ಮೊದಲು ಬನ್ನಿ, ಮಾರಿದ ಮೇಲಲ್ಲ.